ಗುಣವಾದ ಕಥೆಯಲ್ಲಿ ಕೆಲಸ ಮಾಡುವುದು ನಡುವಿನ ಭಾಗ

ಇಪ್ಪತ್ತೆರಡು ವರ್ಷದ ಹುಡುಗಿಯೊಬ್ಬಳು ಕಾಲೇಜಿನ ಕಾರ್ಯಕ್ರಮದಲ್ಲಿ ಎದ್ದು ನಿಂತು, ‘ನನಗೆ ಖಿನ್ನತೆ ಇತ್ತು, ಚಿಕಿತ್ಸೆ ತಗೊಂಡೆ, ಈಗ ಪರವಾಗಿಲ್ಲ’ ಎಂದು ಹೇಳಿದಳು ಅಂತಿಟ್ಟುಕೊಳ್ಳಿ. ಕೆಲವರು ‘ಎಂಥಾ ಧೈರ್ಯ’ ಎಂದು ಚಪ್ಪಾಳೆ ತಟ್ಟುತ್ತಾರೆ. ಇನ್ನು ಕೆಲವರು ‘ಇದನ್ನೆಲ್ಲ ಊರಿಗೆ ಸಾರಬೇಕಿತ್ತಾ, ನಾಳೆ ಮದುವೆ ಆಗಬೇಡ್ವಾ’ ಎಂದು ಗೊಣಗುತ್ತಾರೆ. ಇಬ್ಬರ ಕಣ್ಣೂ ಹೇಳಿದವಳ ಮೇಲೆಯೇ. ಹಿಂದಿನ ಬೆಂಚಿನಲ್ಲಿ ಸುಮ್ನೆ ಕೂತಿದ್ದ, ವಾರಗಳಿಂದ ಸರಿಯಾಗಿ ನಿದ್ದೆ ಮಾಡದ ಇನ್ನೊಬ್ಬ ಹುಡುಗನಿಗೆ ಆ ಮಾತಿನಿಂದ ಏನಾಯಿತು ಎಂದು ಯಾರೂ ಕೇಳುವುದಿಲ್ಲ.

ಸಂಶೋಧಕರು ಮಾತ್ರ ಅದನ್ನು ಕೇಳುತ್ತಾ ಬಂದಿದ್ದಾರೆ. ಅವರಿಗೆ ಸಿಕ್ಕ ಉತ್ತರ ಅಷ್ಟು ಸರಳವಾಗಿಲ್ಲ. ಕೆಲವು ಕಥೆಗಳಿಂದ ಕೇಳಿದವರಿಗೆ ನಿಜವಾಗಿ ಅನುಕೂಲವಾಗುತ್ತದೆ. ಕೆಲವು ಕಥೆಗಳಿಂದ ಏನೂ ಆಗುವುದಿಲ್ಲ. ಕೆಲವು ಕಥೆಗಳು ಕೆಡುಕನ್ನೂ ಮಾಡಬಹುದು. ನನಗೆ ತೋಚುವಂತೆ ವ್ಯತ್ಯಾಸ ಇರುವುದು ಕಥೆಯ ಯಾವ ಭಾಗವನ್ನು ಹಿಗ್ಗಿಸಿ ಹೇಳುತ್ತಾರೆ ಎಂಬುದರಲ್ಲಿ. ಎಷ್ಟು ಆಳಕ್ಕೆ ಬಿದ್ದೆ ಎನ್ನುವುದು ಮೊದಲ ಭಾಗ. ಈಗ ಎಷ್ಟು ಚೆನ್ನಾಗಿದ್ದೇನೆ ಎನ್ನುವುದು ಕೊನೆಯ ಭಾಗ. ಇವೆರಡರ ನಡುವೆ ಒಂದು ಬೇಸರದ, ನಿಧಾನದ, ಆಸ್ಪತ್ರೆಯ ಚೀಟಿ ಮತ್ತು ಕ್ಯೂಗಳ ಭಾಗ ಇರುತ್ತದೆ. ಹೇಳುವವರು ಅದನ್ನೇ ಹಾರಿಸಿಬಿಡುತ್ತಾರೆ. ಕೇಳುವವರಿಗೆ ಬೇಕಾಗಿರುವುದು ಅದೇ.

ಯುವಜನರ ಕಥೆಗೆ ಯಾಕಿಷ್ಟು ತೂಕ ಎಂದರೆ, ವಯಸ್ಸಿನ ಲೆಕ್ಕ ನೋಡಿ. 192 ಅಧ್ಯಯನಗಳನ್ನು ಒಟ್ಟು ಸೇರಿಸಿದ ಒಂದು ದೊಡ್ಡ ವಿಶ್ಲೇಷಣೆ 2021ರಲ್ಲಿ ಬಂತು. ಮಾನಸಿಕ ಕಾಯಿಲೆ ಬಂದವರಲ್ಲಿ ಸುಮಾರು ಶೇ. 48 ಮಂದಿಗೆ ಅದು 18 ತುಂಬುವುದರೊಳಗೆ ಶುರುವಾಗಿತ್ತು. 25 ತುಂಬುವುದರೊಳಗೆ ಎಂದರೆ ಶೇ. 62ಕ್ಕೂ ಜಾಸ್ತಿ. ಪಿಯುಸಿ, ಸಿಇಟಿ, ಹಾಸ್ಟೆಲ್, ಮೊದಲ ಕೆಲಸ, ಮನೆಯಲ್ಲಿ ಜಾತಕ ಹೊರಗೆ ಬರುವ ಹೊತ್ತು ಎಲ್ಲವೂ ಇದೇ ವಯಸ್ಸಿನಲ್ಲಿ. ಹಾಗಾಗಿ ಮೊದಲ ಲಕ್ಷಣಗಳನ್ನು ಸುತ್ತಲಿನವರು ಓದಿನ ಒತ್ತಡ, ಸೋಮಾರಿತನ, ‘ಯಾರನ್ನೋ ಮನಸ್ಸಿಗೆ ಹಚ್ಚಿಕೊಂಡಿದ್ದಾನೆ’ ಎಂದು ಪಕ್ಕಕ್ಕೆ ಸರಿಸುವುದು ಸುಲಭ. ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ವಯಸ್ಕರ ಪೈಕಿ ಶೇ. 10.6 ಮಂದಿಗೆ ಆ ಹೊತ್ತಿನಲ್ಲಿ ಯಾವುದಾದರೊಂದು ಮಾನಸಿಕ ಕಾಯಿಲೆ ಇತ್ತು. ಖಿನ್ನತೆ, ಆತಂಕದಂಥ ಸಾಮಾನ್ಯ ಕಾಯಿಲೆಗಳಿದ್ದವರಲ್ಲಿ ಶೇ. 85 ಮಂದಿ ಚಿಕಿತ್ಸೆಯಲ್ಲಿ ಇರಲಿಲ್ಲ. (ಸಮೀಕ್ಷೆ ಮಾಡಿದ್ದು ಬೆಂಗಳೂರಿನ ಸಂಸ್ಥೆ. ಆ 12 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ, ಪೂರ್ವಪ್ರಯೋಗ ಮಾತ್ರ ಕೋಲಾರದಲ್ಲಿ ನಡೆದಿತ್ತು.)

ಇಷ್ಟು ಜನ ಆಸ್ಪತ್ರೆಯ ಬಾಗಿಲಿಗೇ ಬರದಿದ್ದಾಗ, ಅಲ್ಲಿಗೆ ಹೋಗಿ ಬಂದವರ ಮಾತಿಗೆ ಬೆಲೆ ಬರುತ್ತದೆ. ಇದು ಹಳೆಯ ವಿದ್ಯೆಯೇ. ಅಮೆರಿಕದ ಕ್ಲಿಫರ್ಡ್ ಬಿಯರ್ಸ್ ಎಂಬಾತ 1900ರಿಂದ ಸುಮಾರು ಮೂರು ವರ್ಷ ಮಾನಸಿಕ ಆಸ್ಪತ್ರೆಗಳಲ್ಲಿದ್ದ. ಒಳಗೆ ಹೋದಾಗ ಅವನಿಗಿನ್ನೂ 24. ಹೊರಗೆ ಬಂದು, ತನ್ನ ಕಾಯಿಲೆ ಹೇಗಿತ್ತು, ಅಲ್ಲಿನ ಸಿಬ್ಬಂದಿ ಹೇಗೆ ನಡೆಸಿಕೊಂಡರು ಎಂದು ಬರೆದು 1908ರಲ್ಲಿ ಪ್ರಕಟಿಸಿದ. ಮರುವರ್ಷವೇ ಆ ದೇಶದಲ್ಲಿ ಮಾನಸಿಕ ಆರೋಗ್ಯ ಸುಧಾರಣೆಗೆ ಒಂದು ರಾಷ್ಟ್ರೀಯ ಸಮಿತಿ ಹುಟ್ಟಿತು.

ಕಥೆಯ ಒಳಗೆ ಹೋಗುವ ಮುಂಚೆ ಚೇತರಿಕೆ ಎಂದರೆ ಏನು ಎಂಬುದನ್ನು ಬಿಡಿಸಿಕೊಳ್ಳಬೇಕು. ಜ್ವರ ಬಂತು, ಹೋಯಿತು ಎನ್ನುವ ಹಾಗೆ ಇದು ಯಾವಾಗಲೂ ನಡೆಯುವುದಿಲ್ಲ. ವೈದ್ಯರ ಲೆಕ್ಕದಲ್ಲಿ ಲಕ್ಷಣಗಳು ಕಡಿಮೆಯಾದರೆ, ಇಲ್ಲವಾದರೆ ಚೇತರಿಕೆ. ಇನ್ನೊಂದು ಲೆಕ್ಕ ಕಾಯಿಲೆಯನ್ನು ಅನುಭವಿಸಿದವರದ್ದು. ಬಾಸ್ಟನ್ ವಿಶ್ವವಿದ್ಯಾಲಯದ ವಿಲಿಯಂ ಆಂಥೊನಿ 1993ರಲ್ಲಿ ಇದನ್ನು ಸ್ಪಷ್ಟವಾಗಿ ಬರೆದರು: ಕಾಯಿಲೆಯ ಮಿತಿಗಳು ಉಳಿದಿದ್ದರೂ ತೃಪ್ತಿಯ, ಭರವಸೆಯ, ನಾಲ್ಕು ಜನಕ್ಕೆ ಉಪಯೋಗವಾಗುವ ಬದುಕನ್ನು ಬದುಕಲು ಆಗುವುದೇ ಚೇತರಿಕೆ. ಮಾತ್ರೆ ತಗೊಳ್ಳುತ್ತಲೇ ಬ್ಯಾಂಕಿನಲ್ಲಿ ಕೆಲಸ ಮಾಡಿಕೊಂಡು, ಸಂಜೆ ಗೆಳೆಯರ ಜೊತೆ ಶಟ್ಲ್ ಆಡುವವನೂ ಚೇತರಿಸಿಕೊಂಡವನೇ. 2011ರಲ್ಲಿ ಬ್ರಿಟನ್ನಿನ ಸಂಶೋಧಕರು ಈ ಬಗ್ಗೆ ಬಂದಿದ್ದ 97 ಲೇಖನಗಳನ್ನು ಕೂಡಿಸಿ ಓದಿದಾಗ ಐದು ಎಳೆಗಳು ಮತ್ತೆ ಮತ್ತೆ ಕಂಡವು: ಜನರ ಒಡನಾಟ, ಭರವಸೆ, ಕಾಯಿಲೆಯಾಚೆಗೂ ತಾನು ಯಾರು ಎಂಬ ಅರಿವು, ಬದುಕಿಗೆ ಒಂದು ಅರ್ಥ, ತನ್ನ ವಿಷಯದಲ್ಲಿ ತನ್ನ ಮಾತೂ ನಡೆಯುತ್ತದೆ ಎಂಬ ನಂಬಿಕೆ. ‘ಎಲ್ಲ ಲಕ್ಷಣಗಳೂ ಹೋದವು’ ಎನ್ನುವುದು ಈ ಐದರಲ್ಲಿ ಇಲ್ಲವೇ ಇಲ್ಲ, ಗಮನಿಸಿ.

ಕಠಿಣ ಕಾಯಿಲೆಗಳಲ್ಲೂ ಭರವಸೆಗೆ ಆಧಾರವಿದೆ. ಅಮೆರಿಕದ ವರ್ಮಾಂಟ್ ರಾಜ್ಯದ ಆಸ್ಪತ್ರೆಯಲ್ಲಿ ‘ಇವರು ಹೀಗೇ’ ಎಂದು ಬದಿಗಿಟ್ಟಿದ್ದ 269 ರೋಗಿಗಳನ್ನು ಸುಮಾರು 32 ವರ್ಷಗಳ ನಂತರ ಹುಡುಕಿ ನೋಡಿದರು. ಅವರಲ್ಲಿ ಅರ್ಧದಿಂದ ಮೂರನೇ ಎರಡರಷ್ಟು ಮಂದಿ ಬಹಳ ಸುಧಾರಿಸಿದ್ದರು ಅಥವಾ ಚೇತರಿಸಿಕೊಂಡಿದ್ದರು. ಆ ವರದಿ ಬಂದಿದ್ದು 1987ರಲ್ಲಿ.

ಈಗ ಕೇಳುವವರ ಕಡೆಗೆ ಬರೋಣ. ಮಾನಸಿಕ ಕಾಯಿಲೆ ಬಗೆಗಿನ ತಾತ್ಸಾರ ಕಡಿಮೆ ಮಾಡಲು ಪಾಠ ಹೇಳುವುದು ಒಂದು ದಾರಿ. ಕಾಯಿಲೆ ದಾಟಿ ಬಂದ ಒಬ್ಬರನ್ನು ಎದುರಿಗೆ ಕೂರಿಸಿ ಮಾತಾಡಿಸುವುದು ಇನ್ನೊಂದು. ಷಿಕಾಗೋದ ಪ್ಯಾಟ್ರಿಕ್ ಕಾರಿಗನ್ ಮತ್ತು ಸಂಗಡಿಗರು 14 ದೇಶಗಳ 72 ಅಧ್ಯಯನಗಳನ್ನು 2012ರಲ್ಲಿ ಒಟ್ಟಿಗೆ ಇಟ್ಟು ನೋಡಿದರು. ವಯಸ್ಕರಲ್ಲಿ ಪಾಠಕ್ಕಿಂತ ವ್ಯಕ್ತಿಯ ಭೇಟಿ ಹೆಚ್ಚು ಕೆಲಸ ಮಾಡಿತ್ತು. ವಿಡಿಯೊಗಿಂತ ಮುಖಾಮುಖಿ ಮಾತು ಮೇಲು. ಹದಿಹರೆಯದವರಲ್ಲಿ ಮಾತ್ರ ಲೆಕ್ಕ ತಿರುಗಿತ್ತು, ಅವರಿಗೆ ಪಾಠವೇ ಜಾಸ್ತಿ ಹಿಡಿಸಿತ್ತು. ಹೈಸ್ಕೂಲಿಗೆ ಹೋಗಿ ಬರೀ ಕಥೆ ಹೇಳಿ ಬರುವವರು ಇದನ್ನು ನೆನಪಿಟ್ಟುಕೊಂಡರೆ ಒಳ್ಳೆಯದು. ಆ ವಯಸ್ಸಿಗೆ ಕಥೆಯ ಜೊತೆ ಮಾಹಿತಿಯೂ ಬೇಕು.

ಆತ್ಮಹತ್ಯೆಯ ವಿಷಯ ಬಂದಾಗ ಈ ಕಥೆಗಳ ತೂಕ ಇನ್ನೂ ಹೆಚ್ಚು. ಆತ್ಮಹತ್ಯೆಯ ಸುದ್ದಿಯನ್ನು ರಂಗು ಹಚ್ಚಿ, ವಿಧಾನದ ಸಮೇತ ಬರೆದರೆ ಅದನ್ನು ನೋಡಿ ಇನ್ನಷ್ಟು ಜನ ಹಾಗೆ ಮಾಡಿಕೊಳ್ಳುವ ಅಪಾಯ ಇದೆ ಎಂಬುದು 1974ರಿಂದಲೂ ಅಧ್ಯಯನಗಳಲ್ಲಿ ಬರುತ್ತಿದೆ. ಇದರ ಇನ್ನೊಂದು ಮುಖ ಕಂಡಿದ್ದು 2010ರಲ್ಲಿ. ವಿಯೆನ್ನಾದ ಥಾಮಸ್ ನೀಡರ್‌ಕ್ರೊಟೆಂತಾಲರ್ ಮತ್ತು ಸಂಗಡಿಗರು ಆಸ್ಟ್ರಿಯಾದ ಪತ್ರಿಕೆಗಳ 497 ಬರಹಗಳನ್ನು ಪರೀಕ್ಷಿಸಿದರು. ಸಾಯುವ ಯೋಚನೆ ಬಂದರೂ ಬೇರೆ ದಾರಿ ಹಿಡಿದು ಬದುಕಿದವರ ಬಗ್ಗೆ ಬರೆದ ಲೇಖನಗಳ ನಂತರ ಆತ್ಮಹತ್ಯೆಗಳು ಕಡಿಮೆಯಾಗಿದ್ದು ಕಂಡಿತು. ಮೊಜಾರ್ಟನ ಸಂಗೀತ ನಾಟಕವೊಂದರಲ್ಲಿ ಪಾಪಗೇನೊ ಎಂಬ ಹಕ್ಕಿ ಹಿಡಿಯುವವ ಪ್ರಾಣ ಬಿಡಲು ಹೊರಟಾಗ ಮೂವರು ಹುಡುಗರು ಬಂದು ತಡೆಯುತ್ತಾರೆ. ಈ ಪರಿಣಾಮಕ್ಕೆ ಅವನ ಹೆಸರನ್ನೇ ಇಟ್ಟರು. ಆ ಹುಡುಗರು ಅವನಿಗೆ ಉಪದೇಶ ಮಾಡುತ್ತಾ ನಿಲ್ಲುವುದಿಲ್ಲ. ನಿನ್ನ ಹತ್ತಿರ ಮಾಯಾ ಗಂಟೆ ಇದೆಯಲ್ಲ, ಬಾರಿಸು ಎಂದು ನೆನಪಿಸುತ್ತಾರೆ. ಅಂದರೆ ಕೈಯಳತೆಯಲ್ಲಿರುವ ಒಂದು ದಾರಿ ತೋರಿಸುತ್ತಾರೆ. ನನ್ನ ವಾದವೂ ಅದೇ.

ನಾಟಿಂಗ್‌ಹ್ಯಾಮ್‌ನಲ್ಲಿ ಮೈಕ್ ಸ್ಲೇಡ್ ಅವರ ತಂಡ ಇನ್ನೂ ಮುಂದೆ ಹೋಗಿ, ಚೇತರಿಕೆಯ ನೂರಾರು ಕಥೆಗಳನ್ನು ಒಂದೆಡೆ ಕಲೆಹಾಕಿ, ಜನರಿಗೆ ಓದಲು, ಕೇಳಲು ಕೊಟ್ಟು ಪರೀಕ್ಷೆ ಮಾಡಿತು. ಖಿನ್ನತೆ, ಆತಂಕದಂಥ ತೊಂದರೆ ಇದ್ದವರ ಬದುಕಿನ ಗುಣಮಟ್ಟ ಸ್ವಲ್ಪ ಮೇಲೇರಿತು. ಭ್ರಮೆ ಹುಟ್ಟಿಸುವ ಸೈಕೋಸಿಸ್ ಬಗೆಯ ಕಾಯಿಲೆ ಇದ್ದವರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಕಥೆ ಕೇಳಿಸಿದರೆ ಎಲ್ಲ ಸರಿಹೋಗುತ್ತದೆ ಎಂದು ಯಾರಾದರೂ ಉತ್ಸಾಹದಲ್ಲಿ ಹೇಳಿದರೆ ಈ ಎರಡನೇ ಸಾಲನ್ನು ನೆನಪಿಸಿ.

ಇನ್ನು ನಡುವಿನ ಭಾಗ. ಒಂದು ಉದಾಹರಣೆ ಕಟ್ಟಿಕೊಳ್ಳೋಣ. ತಿಪಟೂರಿನ ಕಡೆಯಿಂದ ಬಂದು ಬೆಂಗಳೂರಿನ ಪಿಜಿಯಲ್ಲಿರುವ ಹುಡುಗ, ಮೊದಲ ಕೆಲಸ. ಅವನು ಹೀಗೆ ಹೇಳಬಹುದು: ‘ನಾನು ನರಕ ನೋಡಿ ಬಂದೆ. ಎಲ್ಲರೂ ಕೈಬಿಟ್ಟರು. ಆದರೆ ನಾನು ಸೋಲಲಿಲ್ಲ. ಇವತ್ತು ನಿಮ್ಮ ಮುಂದೆ ನಿಂತಿದ್ದೇನೆ.’ ಕೇಳಲು ಚೆನ್ನಾಗಿದೆ. ಚಪ್ಪಾಳೆಯೂ ಬೀಳುತ್ತದೆ. ಹಿಂದಿನ ಬೆಂಚಿನವನು ಮನೆಗೆ ಹೋಗಿ ಏನು ಮಾಡಬೇಕು? ಗೊತ್ತಿಲ್ಲ. ‘ಅವನು ಗಟ್ಟಿ ಮನುಷ್ಯ, ನನ್ನ ಕೈಲಾಗಲ್ಲ’ ಎಂದುಕೊಂಡರೂ ಆಶ್ಚರ್ಯವಿಲ್ಲ.

ಅದೇ ಹುಡುಗ ಹೀಗೂ ಹೇಳಬಹುದು: ‘ಬಸ್ಸಿನಲ್ಲಿ ಇದ್ದಕ್ಕಿದ್ದ ಹಾಗೆ ಎದೆ ಡವಡವ ಶುರುವಾಯಿತು. ಕೈ ಬೆವರಿತು, ಉಸಿರು ಸಿಗಲಿಲ್ಲ. ಹಾರ್ಟ್ ಅಟ್ಯಾಕ್ ಅಂದುಕೊಂಡೆ. ಇಸಿಜಿ ಮಾಡಿಸಿದರು, ಸರಿಯಾಗಿದೆ ಅಂದರು. ಗ್ಯಾಸ್ಟ್ರಿಕ್ ಇರಬೇಕು ಎಂದು ಮಾತ್ರೆ ನುಂಗಿದೆ. ಮತ್ತೆ ಮತ್ತೆ ಬಂತು. ಬಸ್ ಹತ್ತುವುದನ್ನೇ ಬಿಟ್ಟೆ. ಅಮ್ಮ ಯಾರದೋ ದೃಷ್ಟಿ ಬಿದ್ದಿದೆ ಅಂತ ತಾಯತ ಕಟ್ಟಿಸಿದರು, ಕಟ್ಟಿಸಿಕೊಂಡೆ. ಕೊನೆಗೆ ಒಬ್ಬರು ಡಾಕ್ಟರು, ನಿಮಗೆ ಹೃದಯದ ತೊಂದರೆ ಇಲ್ಲ, ಪ್ಯಾನಿಕ್ ಎಂದು ಒಂದಿದೆ, ಮನೋವೈದ್ಯರನ್ನು ನೋಡಿ ಎಂದು ಚೀಟಿ ಬರೆದುಕೊಟ್ಟರು. ಆ ಚೀಟಿ ಪರ್ಸಿನಲ್ಲಿ ಎಷ್ಟೋ ದಿನ ಇತ್ತು. ಹೋದೆ. ಮಾತ್ರೆ ಶುರುವಾದಾಗ ಮೊದಲು ವಾಕರಿಕೆ, ನಿದ್ದೆ ಮಂಪರು. ಬಿಡೋಣ ಅನ್ನಿಸಿತು. ಫೋನ್ ಮಾಡಿ ಕೇಳಿದ್ದಕ್ಕೆ, ಸ್ವಲ್ಪ ದಿನ ತಡೀರಿ, ಗುಣ ಕಾಣಲು ವಾರಗಳು ಬೇಕು ಅಂದರು. ಕೌನ್ಸೆಲರ್ ಮೊದಲು ಬಸ್ ಸ್ಟಾಪ್‌ವರೆಗೆ ನಡೆಸಿದರು, ಆಮೇಲೆ ಒಂದು ಸ್ಟಾಪ್, ಆಮೇಲೆ ಎರಡು. ಈಗಲೂ ಒಮ್ಮೊಮ್ಮೆ ಬರುತ್ತದೆ. ಬಂದರೆ ಏನು ಮಾಡಬೇಕು ಅಂತ ಗೊತ್ತು.’

ಎರಡನೆಯದರಲ್ಲಿ ವೀರಾವೇಶ ಇಲ್ಲ. ಆದರೆ ಪ್ರತಿ ಸಾಲೂ ಕೇಳುವವನ ತಲೆಯಲ್ಲಿರುವ ಒಂದು ಪ್ರಶ್ನೆಗೆ ಉತ್ತರ ಕೊಡುತ್ತದೆ. ಇದು ಮೈಯ ಕಾಯಿಲೆಯ ಥರವೇ ಕಾಣಿಸಿಕೊಳ್ಳುತ್ತದಾ? ಹೌದು. ಮನೆಯವರು ಒಪ್ಪುತ್ತಾರಾ? ತಕ್ಷಣ ಇಲ್ಲ. ಮಾತ್ರೆ ತಗೊಂಡ ಮರುದಿನವೇ ಸರಿಹೋಗುತ್ತಾ? ಇಲ್ಲ, ಖಿನ್ನತೆ ಮತ್ತು ಆತಂಕಕ್ಕೆ ಕೊಡುವ ಹಲವು ಮಾತ್ರೆಗಳ ಅಡ್ಡಪರಿಣಾಮ ಮೊದಲ ದಿನಗಳಲ್ಲೇ ಕಾಣುತ್ತದೆ, ಗುಣ ಕಾಣಲು ಎರಡರಿಂದ ನಾಲ್ಕು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. ಎಷ್ಟೋ ಜನ ಮಾತ್ರೆ ಬಿಡುವುದು ಈ ಅಂತರದಲ್ಲೇ. ಅದನ್ನು ಮೊದಲೇ ಹೇಳುವ ಒಂದು ಕಥೆ ಒಬ್ಬರನ್ನು ಆ ವಾರಗಳನ್ನು ದಾಟಿಸಬಹುದು. ಹಾಗಂತ ಮಾತ್ರೆಯ ಹೆಸರು, ಪ್ರಮಾಣ ಹೇಳುವುದು ಬೇಡ. ನಿಮಗೆ ಹಿಡಿಸಿದ್ದು ಇನ್ನೊಬ್ಬರಿಗೆ ಹಿಡಿಸಬೇಕೆಂದಿಲ್ಲ. ‘ನಾನು ಮಾತ್ರೆ ಬಿಸಾಡಿದೆ, ಆಮೇಲೆ ಚೆನ್ನಾಗಾದೆ’ ಎಂಬ ಮಾತು ನಿಮ್ಮ ಮಟ್ಟಿಗೆ ನಿಜವೇ ಇದ್ದರೂ ಕೇಳಿದವರಲ್ಲಿ ಯಾರೋ ನಾಳೆ ಬೆಳಿಗ್ಗೆ ಅದನ್ನೇ ಮಾಡಿಬಿಟ್ಟಾರು.

ಎಲ್ಲಿಗೆ ಹೋದಿರಿ ಎನ್ನುವುದನ್ನೂ ಸೇರಿಸಿ. ನಮ್ಮಲ್ಲಿ ಜಿಲ್ಲಾಸ್ಪತ್ರೆಗಳಲ್ಲಿ ಮನೋವೈದ್ಯರು ಸಿಗುತ್ತಾರೆ, ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಸರ್ಕಾರಿ ಮಾನಸಿಕ ಆಸ್ಪತ್ರೆ ಇದೆ, ‘ಮನೋಚೈತನ್ಯ’ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೇ ಮನೋವೈದ್ಯರು ಬರುವ ವ್ಯವಸ್ಥೆ ಮಾಡಿದ್ದಾರೆ ಎಂಬುದು ಎಷ್ಟು ಜನಕ್ಕೆ ಗೊತ್ತು?

ಬಿಡಬೇಕಾದವೂ ಇವೆ. ಪ್ರಾಣ ಕಳೆದುಕೊಳ್ಳಲು ಯತ್ನಿಸಿದ ವಿಧಾನ, ಜಾಗ. ಗಾಯದ ಫೋಟೊ. ತೂಕದ ಭಯಕ್ಕೆ ಊಟವನ್ನೇ ಬಿಡುವಂಥ ಕಾಯಿಲೆ ಇದ್ದವರಾದರೆ ತೂಕ ಎಷ್ಟಕ್ಕೆ ಇಳಿದಿತ್ತು ಎಂಬ ಅಂಕಿ, ಯಾಕೆಂದರೆ ಅದೇ ಕಾಯಿಲೆ ಇರುವ ಇನ್ನೊಬ್ಬರಿಗೆ ಆ ಅಂಕಿ ಪೈಪೋಟಿಯ ಗುರಿಯಾಗಬಹುದು. ‘ಪರೀಕ್ಷೆಯಲ್ಲಿ ಫೇಲಾದೆ, ಅದಕ್ಕೇ ಹೀಗಾಯಿತು’ ಎಂದು ಒಂದೇ ಕಾರಣಕ್ಕೆ ಕಟ್ಟಿಹಾಕುವುದೂ ಸರಿಯಲ್ಲ. ಈ ಕಾಯಿಲೆಗಳು ಒಂದೇ ಎಳೆಯಿಂದ ಬರುವುದು ಅಪರೂಪ.

ಹೇಳುವವರಿಗೆ ಇದರಿಂದ ಏನು ಸಿಗುತ್ತದೆ? ‘ಹೇಳಿಕೊಂಡರೆ ಮನಸ್ಸು ಹಗುರಾಗುತ್ತದೆ’ ಎನ್ನುವುದು ಅರ್ಧ ಸತ್ಯ. ಅಮೆರಿಕದ ಜೇಮ್ಸ್ ಪೆನ್ನಿಬೇಕರ್ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಾಲೇಜು ವಿದ್ಯಾರ್ಥಿಗಳು ನಾಲ್ಕು ದಿನ, ದಿನಕ್ಕೆ 15 ನಿಮಿಷ ತಮ್ಮ ಬದುಕಿನ ಕಹಿ ಘಟನೆಗಳ ಬಗ್ಗೆ ಬರೆದರು. ಬರೆದ ಕೂಡಲೇ ಮನಸ್ಸು ಇನ್ನೂ ಕೆಟ್ಟಿತ್ತು. ಮುಂದಿನ ತಿಂಗಳುಗಳಲ್ಲಿ ಮಾತ್ರ ಘಟನೆಯನ್ನೂ ಅದರ ಬಗೆಗಿನ ಭಾವನೆಯನ್ನೂ ಬರೆದವರು ಆರೋಗ್ಯ ಕೇಂದ್ರಕ್ಕೆ ಹೋಗಿದ್ದು ಕಡಿಮೆ. ನಂತರದ ನೂರಾರು ಅಧ್ಯಯನಗಳಲ್ಲಿ ಈ ಲಾಭ ಚಿಕ್ಕದೆಂದು ಕಂಡಿತು. ಇಲ್ಲೊಂದು ಸೂಕ್ಷ್ಮ ಇದೆ. ಅವರು ಹೆಸರಿಲ್ಲದೆ ಬರೆದಿದ್ದರು. ಸುತ್ತಲಿನವರಿಗೆ ಅದು ಯಾರದೆಂದು ತಿಳಿಯುವ ಹಾಗಿರಲಿಲ್ಲ. ನೋಟ್‌ಬುಕ್ಕಿನಲ್ಲಿ ಬರೆಯುವುದೂ ಸಾವಿರ ಜನರ ಮುಂದೆ ಹೇಳುವುದೂ ಒಂದೇ ಅಲ್ಲ. ಮೊದಲನೆಯದಕ್ಕೆ ಬೇಕಿರುವುದು ಒಂದು ಪೆನ್ನು. ಎರಡನೆಯದಕ್ಕೆ ಲೆಕ್ಕಾಚಾರ ಬೇಕು.

ಈ ಲೆಕ್ಕಾಚಾರ ಕಲಿಸಲೆಂದೇ ಕಾರಿಗನ್ ಮತ್ತು ಸಂಗಡಿಗರು ಮೂರು ಪಾಠಗಳ ಒಂದು ತರಬೇತಿ ರೂಪಿಸಿದರು. ನಡೆಸುವವರೂ ಕಾಯಿಲೆ ಅನುಭವಿಸಿದವರೇ. ಮೊದಲ ಪಾಠದಲ್ಲಿ, ಹೇಳಿದರೆ ಏನು ಲಾಭ, ಏನು ನಷ್ಟ ಎಂದು ಪಟ್ಟಿ ಮಾಡುತ್ತಾರೆ. ಎರಡನೆಯದರಲ್ಲಿ, ಹೇಳುವುದರಲ್ಲಿ ಎಷ್ಟು ಮೆಟ್ಟಿಲು ಎಂದು ನೋಡುತ್ತಾರೆ: ಜನರಿಂದಲೇ ದೂರ ಇರುವುದು, ಗುಟ್ಟಾಗಿಡುವುದು, ಆರಿಸಿದ ಕೆಲವರಿಗೆ ಮಾತ್ರ ಹೇಳುವುದು, ಯಾರಿಂದಲೂ ಮುಚ್ಚಿಡದಿರುವುದು, ತಾನೇ ಮುಂದಾಗಿ ಎಲ್ಲರಿಗೂ ಹೇಳುವುದು. ಕಥೆ ಕಟ್ಟುವುದು ಮೂರನೆಯ ಪಾಠದಲ್ಲಿ. ‘ನಾನು ಹೇಳುವುದಿಲ್ಲ’ ಎಂದು ತೀರ್ಮಾನಿಸಿ ಎದ್ದು ಹೋದರೂ ತರಬೇತಿ ಗೆದ್ದ ಹಾಗೆಯೇ. ಜರ್ಮನಿಯಲ್ಲಿ 13ರಿಂದ 18 ವರ್ಷದ 98 ಮಂದಿಯ ಮೇಲೆ ಇದನ್ನು ಪರೀಕ್ಷಿಸಿದಾಗ, ಜನ ಏನಂತಾರೋ ಎಂಬ ಒತ್ತಡ ಕಡಿಮೆಯಾಗಿ ಬದುಕಿನ ಗುಣಮಟ್ಟ ಏರಿದ್ದು 2018ರಲ್ಲಿ ವರದಿಯಾಯಿತು.

ಆಸ್ಟ್ರೇಲಿಯಾದ ಬಾಟಿರ್ ಸಂಸ್ಥೆ ಇದೇ ವಯಸ್ಸಿನವರ ಕೈಗೆ ಮೈಕ್ ಕೊಡುತ್ತದೆ. 2011ರಲ್ಲಿ ಸೆಬಾಸ್ಟಿಯನ್ ರಾಬರ್ಟ್‌ಸನ್ ಎಂಬ ಯುವಕ ಅದನ್ನು ಶುರು ಮಾಡಿದ. ಕಜಕಸ್ತಾನದ ಮೃಗಾಲಯವೊಂದರಲ್ಲಿ ಮಾತಾಡುತ್ತಿತ್ತು ಎನ್ನಲಾದ ಆನೆಯ ಹೆಸರು ಬಾಟಿರ್. ಕೋಣೆಯಲ್ಲಿ ಎಲ್ಲರಿಗೂ ಕಂಡರೂ ಯಾರೂ ಬಾಯಿಬಿಡದ ವಿಷಯಕ್ಕೆ ದನಿ ಕೊಡುತ್ತೇವೆ ಎಂಬುದು ಅವರ ಲೆಕ್ಕ. 18ರಿಂದ 30ರೊಳಗಿನವರಿಗೆ ಎರಡು ದಿನದ ಕಮ್ಮಟ ನಡೆಸಿ, ಸುರಕ್ಷಿತವಾಗಿ ಹೇಳುವುದು ಹೇಗೆಂದು ಕಲಿಸಿ, ಆಮೇಲೆ ಶಾಲೆ, ವಿಶ್ವವಿದ್ಯಾಲಯಗಳಿಗೆ ಕಳಿಸುತ್ತಾರೆ. ನಮ್ಮಲ್ಲಿ ಹೆಚ್ಚಾಗಿ ನಡೆಯುವುದು ಇದರ ಉಲ್ಟಾ. ಅಕ್ಟೋಬರ್ 10ರ ವಿಶ್ವ ಮಾನಸಿಕ ಆರೋಗ್ಯ ದಿನ ಬಂತೆಂದರೆ ಯಾರನ್ನೋ ಹಿಡಿದು ವೇದಿಕೆ ಹತ್ತಿಸುತ್ತಾರೆ, ಹಾರ ಹಾಕುತ್ತಾರೆ. ಮರುದಿನ ಆ ಹುಡುಗ ಹೇಗಿದ್ದಾನೆ ಎಂದು ಕೇಳುವವರಿಲ್ಲ.

ನಮ್ಮ ಕಡೆ ನಷ್ಟದ ಪಟ್ಟಿಯೂ ಉದ್ದ. ಗಂಡು ನೋಡಲು ಬಂದವರು ಹೆಸರು ಹುಡುಕಿ ನೋಡುವ ಕಾಲ ಇದು. ಹೇಳಿದ್ದು ನಿಮ್ಮೊಬ್ಬರ ವಿಷಯವಾಗಿಯೂ ಉಳಿಯುವುದಿಲ್ಲ. ‘ಅಪ್ಪ ಕುಡಿದು ಬಂದು ಹೊಡೆಯುತ್ತಿದ್ದರು’ ಎಂದರೆ ಅದು ಅಪ್ಪನ, ಅಮ್ಮನ, ತಂಗಿಯ ಕಥೆಯೂ ಹೌದು, ನಾಳೆ ಊರಲ್ಲಿ ಮುಖ ತೋರಿಸಬೇಕಾದವರು ಅವರು. ಹೆಸರಿಲ್ಲದೆ ಹೇಳುವುದು, ಊರು ಬದಲಿಸಿ ಹೇಳುವುದು ಹೇಡಿತನ ಅಲ್ಲ. ಕಾನೂನು ಕೂಡ ನಿಮ್ಮ ಕಡೆಗಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ನಿಮ್ಮ ಕಾಯಿಲೆ, ಚಿಕಿತ್ಸೆಯ ವಿವರ ಗೌಪ್ಯವಾಗಿರುವುದು ನಿಮ್ಮ ಹಕ್ಕು. 24ನೇ ಸೆಕ್ಷನ್ ಪ್ರಕಾರ ಚಿಕಿತ್ಸೆಯಲ್ಲಿರುವವರ ಫೋಟೊ, ಮಾಹಿತಿಯನ್ನು ಅವರ ಒಪ್ಪಿಗೆ ಇಲ್ಲದೆ ಮಾಧ್ಯಮಕ್ಕೆ ಕೊಡುವಂತಿಲ್ಲ.

ಹೆಸರಾಂತವರು ಬಾಯಿಬಿಟ್ಟರೆ ಈ ಭಯ ಸ್ವಲ್ಪ ಕರಗುತ್ತದೆ. ಬೆಂಗಳೂರಿನಲ್ಲಿ ಬೆಳೆದ ದೀಪಿಕಾ ಪಡುಕೋಣೆ 2015ರಲ್ಲಿ ತಮ್ಮ ಖಿನ್ನತೆಯ ಬಗ್ಗೆ ಮಾತಾಡಿದರು. ಅದೇ ವರ್ಷ ಒಂದು ಪ್ರತಿಷ್ಠಾನ ಕಟ್ಟಿದರು. ಅದರ ಗ್ರಾಮೀಣ ಕಾರ್ಯಕ್ರಮ ಆಮೇಲೆ ಶುರುವಾಗಿದ್ದು ನಮ್ಮ ದಾವಣಗೆರೆ ಜಿಲ್ಲೆಯಲ್ಲಿ. ದೊಡ್ಡ ಕೆಲಸವೇ. ಆದರೆ ತಾರೆಯ ಕಥೆಯಲ್ಲಿ ನಡುವಿನ ಭಾಗ ನಮ್ಮದರ ಹಾಗಿರುವುದಿಲ್ಲ, ಅಲ್ವಾ? ರಜೆ ಕೊಡದ ಮ್ಯಾನೇಜರು, ಬಸ್ ಚಾರ್ಜು, ‘ಮಾತ್ರೆ ಅಭ್ಯಾಸ ಆಗಿಬಿಡತ್ತೆ’ ಎನ್ನುವ ಚಿಕ್ಕಪ್ಪ ಅಲ್ಲಿ ಬರುವುದಿಲ್ಲ.

ಇನ್ನೊಂದು ಕೊರತೆ ನನಗೆ ಎದ್ದು ಕಾಣುತ್ತದೆ. ಈವರೆಗೆ ಹೊರಬಂದ ಕಥೆಗಳಲ್ಲಿ ಖಿನ್ನತೆ, ಆತಂಕದವೇ ಜಾಸ್ತಿ. ಹೇಳುವವರೂ ಹೆಚ್ಚಾಗಿ ಇಂಗ್ಲಿಷ್ ಬಲ್ಲ ನಗರದವರು. ಸ್ಕಿಜೋಫ್ರೇನಿಯಾ (ಸೈಕೋಸಿಸ್ ಬಗೆಯ ಒಂದು ಕಾಯಿಲೆ), ಬೈಪೋಲಾರ್ (ಮನಸ್ಸು ಅತಿ ಉತ್ಸಾಹಕ್ಕೂ ಖಿನ್ನತೆಗೂ ತೂಗಾಡುವ ಕಾಯಿಲೆ) ಇರುವ ಯುವಕರ ಮಾತು ಕನ್ನಡದಲ್ಲಿ ಕಿವಿಗೆ ಬೀಳುವುದು ಅಪರೂಪ. ಪೂರ್ತಿ ಗುಣವಾಗದವರು, ಎರಡನೇ ಸಲ ಆಸ್ಪತ್ರೆ ಸೇರಿದವರು ‘ನಮ್ಮದು ಹೇಳುವಂಥ ಕಥೆಯಲ್ಲ’ ಎಂದು ಸುಮ್ಮನಾಗುತ್ತಾರೆ. ಕಾಯಿಲೆ ಮರುಕಳಿಸುವುದು ಸಾಮಾನ್ಯ ಎಂದು ಅವರಿಗಿಂತ ಚೆನ್ನಾಗಿ ಯಾರು ಹೇಳಬಲ್ಲರು?

ಕೊನೆಗೆ, ಯಾರಾದರೂ ನಿಮ್ಮ ಹತ್ತಿರ ಹೇಳಿಕೊಂಡರೆ. ‘ನಂಗೂ ಹಾಗೇ ಆಗಿತ್ತು’ ಎಂದು ನಿಮ್ಮ ಕಥೆ ಎತ್ತಿಕೊಳ್ಳಬೇಡಿ. ಯೋಗ ಮಾಡು, ಬಾದಾಮಿ ತಿನ್ನು ಎಂದು ಶುರು ಮಾಡಬೇಡಿ. ‘ಆಗ ಏನು ಅನುಕೂಲವಾಯಿತು?’ ಎಂದು ಕೇಳಿ. ನಡುವಿನ ಭಾಗ ಆಗ ತಾನಾಗಿ ಬರುತ್ತದೆ. ಬೇರೆಯವರಿಗೆ ದಾಟಿಸುವ ಮುಂಚೆ ಅವರ ಒಪ್ಪಿಗೆ ಕೇಳಿ, ಮನೆಯವರೇ ಆದರೂ. ಆದರೆ ಮಾತಿನ ನಡುವೆ ಸಾಯುವ ಯೋಚನೆ ಈಗಲೂ ಇದೆ ಎಂದು ತಿಳಿದರೆ ಗುಟ್ಟು ಕಾಪಾಡುವ ಮಾತು ಪಕ್ಕಕ್ಕಿಡಿ. ‘ಸಾಯಬೇಕು ಅನ್ನಿಸುತ್ತಿದೆಯಾ?’ ಎಂದು ನೇರವಾಗಿ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಅವರನ್ನು ಒಬ್ಬರೇ ಬಿಡಬೇಡಿ, ಜೊತೆಯಲ್ಲೇ ಹತ್ತಿರದ ಆಸ್ಪತ್ರೆಗೆ ಹೋಗಿ. ಅದಾಗುವವರೆಗೆ 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್, 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರದ ಸಹಾಯವಾಣಿ. ದಿನದ 24 ಗಂಟೆಯೂ ಇರುತ್ತದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.